ಅವ್ವನ ಕೈ ಮುಚ್ಚಿದ ಬಲೂನು

ಸತ್ತವರ ಬಾಯಿಗೆ ಮಾತು ತುರುಕುವುದು ನಮ್ಮ ಡಾಲಸ್ ಕನ್ನಡ ಸಂಘದವರಿಗೆ ಹೊಸದೇನಲ್ಲ. ಈಚೆಗೆ ವಾಟ್ಸಾಪಿನಲ್ಲಿ ಒಂದು ಪೋಸ್ಟರ್ ಬಂತು. ಮೇಲೆ ಹಳದಿ ಕೆಂಪು ಪಟ್ಟಿ, ನಡುವೆ ತೀರಿಕೊಂಡ ಕಲಾವಿದರ ಫೋಟೋ, ಆ ಫೋಟೋದ ಬಾಯಿಂದ ಹೊರಟ ಒಂದು ಬಿಳಿ ಬಲೂನು. ಅದರೊಳಗೆ, "ನನಗೆ ಕನ್ನಡ ಅಂದ್ರೆ ಪ್ರಾಣ!" ಕೆಳಗೆ ಇರ್ವಿಂಗಿನ ಸಭಾಂಗಣದ ವಿಳಾಸ. ಶ್ರದ್ಧಾಂಜಲಿ ಸಭೆ, ನಂತರ ಊಟದ ವ್ಯವಸ್ಥೆ ಇದೆ.

ಶುದ್ಧ ಸುಳ್ಳು. ಅವರಿಗೆ ಬರುತ್ತಿದ್ದದ್ದೇ ಒಂದು ಹಿಡಿ ಕನ್ನಡ. ಅದೂ ನಮ್ಮ ಅವ್ವನಿಂದ ಕಲಿತದ್ದು, ಗದಗಿನ ಕಡೆಯದು, ಅರ್ಧಕ್ಕರ್ಧ ಬೈಗುಳ. ಅವರು ಫ್ರಾನ್ಸಿನವರು. ಕಾಮಿಕ್ಸ್ ಪುಸ್ತಕ ಬರೆದು ಚಿತ್ರಿಸುವುದು ಅವರ ಕಸುಬು. ಡಾಲಸ್ ಹತ್ತಿರದ ಕಾಪೆಲ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದರು, ಆಮೇಲೆ ಆಸ್ಟಿನ್‌ಗೆ ಹೋದರು, ಈ ಚಳಿಗಾಲ ಹ್ಯೂಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಅದನ್ನು ಮಕ್ಕಳ ಚಿತ್ರಕಲಾ ಸ್ಪರ್ಧೆಯ ಕಪ್ಪಿಗೆ ಅಂಟಿಸಿ, ಸ್ಪಾನ್ಸರ್ ಹುಡುಕಲು ಹೊರಡುತ್ತಾರೆ.

ಪೋಸ್ಟರ್ ನೋಡಿದ ಕೂಡಲೇ ಸಂಘದ ಅಧ್ಯಕ್ಷರಿಗೆ ಫೋನ್ ಮಾಡಿದೆ. ಮೈಸೂರಿನವರು, ನಿವೃತ್ತ ಹೃದಯತಜ್ಞರು. ನಾವೆಲ್ಲ ಡಾಕ್ಟರ್ ಅಂಕಲ್ ಎನ್ನುತ್ತೇವೆ.

"ಅಂಕಲ್, ಅವರು ಯಾವಾಗ ಹಿಂಗ ಅಂದಿದ್ರು?"

"ಅಂದಿರ್ಲಿಲ್ಲಮ್ಮ. ಆದ್ರೆ ಮನಸ್ಸಲ್ಲಿ ಅನ್ಕೊಂಡಿರ್ತಾರಲ್ವಾ? ಪಾಸಿಟಿವ್ ಆಗಿರ್ಲಿ ಅಂತ ಹಾಕಿದ್ವಿ. ಇನ್ನೊಂದು ಗುಡ್ ನ್ಯೂಸ್ ಕೇಳು. ನಾವು ಕನ್ನಡ ಕ್ಲಾಸಿಗೆ ತಂದಿದ್ವಲ್ಲ, ಅವರ ಆ ಪುಸ್ತಕ ರೀಪ್ರಿಂಟ್ ಮಾಡಿಸ್ತಿದೀವಿ. ಅವತ್ತೇ ಎಲ್ರಿಗೂ ಒಂದೊಂದ್ ಕಾಪಿ."

"ಆ ಕಡೀ ಪುಟ ಯಾವುದು ಹಾಕ್ತೀರಿ? ಬಲೂನ್ ಇದ್ದದ್ದೋ, ಇಲ್ಲದ್ದೋ?"

"ನಮ್ಮತ್ರ ಇರೋ ಫೈಲು ಅದೇ ಅಲ್ವೇನಮ್ಮ."

"ಮೂಲ ಹಾಳಿ ನಮ್ಮ ಮನ್ಯಾಗ ಐತ್ರಿ. ಈಗ ಸ್ಕ್ಯಾನ್ ಮಾಡಿ ಕಳಸ್ತೀನಿ."

"ಪ್ರಿಂಟಿಗೆ ಹೋಗ್ಬಿಟ್ಟಿದೆಯಲ್ಲಮ್ಮ. ಈಗ ಅದನ್ನೆಲ್ಲ ಕೆದಕೋದು ಬೇಡ. ಹೋದೋರ ಬಗ್ಗೆ ಒಳ್ಳೇದು ಮಾತಾಡೋಣ."

ಹೋದವರ ಬಗ್ಗೆ ಒಳ್ಳೆಯದು ಮಾತಾಡಬೇಕಂತೆ. ಆಗಲಿ, ಮಾತಾಡುತ್ತೇನೆ. ಆದರೆ ನಾನು ಬಲ್ಲ ಆ ಮನುಷ್ಯ ಒಳ್ಳೆಯದು ಮಾತಾಡಿಸಿಕೊಳ್ಳುವ ಜಾತಿಯವರಲ್ಲ. ಮೂಗಿನ ತುದಿಯಲ್ಲೇ ಕೋಪ. ಅವರನ್ನು ನೆನೆಯುವಾಗ ನನಗೂ ಕೋಪವೇ ಮೊದಲು ಬರುತ್ತದೆ.

ಮೊದಲ ಸಲ ಅವರನ್ನು ಸರಿಯಾಗಿ ನೋಡಿದ್ದು ಅವರ ಮನೆಯ ಗ್ಯಾರೇಜಿನಲ್ಲಿ. ನಮ್ಮ ಬೀದಿಯಲ್ಲಿ ಎಲ್ಲರೂ ಗ್ಯಾರೇಜಿನೊಳಗೆ ಕಾರು ನುಗ್ಗಿಸಿ ಬಾಗಿಲು ಇಳಿಸಿಬಿಡುತ್ತಾರೆ, ಮನುಷ್ಯರ ಮುಖ ಕಾಣುವುದೇ ಇಲ್ಲ. ಇವರು ಮಾತ್ರ ಟೆಕ್ಸಸ್ಸಿನ ಆ ಬಿಸಿಲಲ್ಲಿ ಬಾಗಿಲು ಪೂರ್ತಿ ಎತ್ತಿ, ಫ್ಯಾನ್ ಹಚ್ಚಿ, ಬರೀ ಬನಿಯನ್ನಿನಲ್ಲಿ ಕೂತು, ಓರೆಯಾಗಿ ನಿಲ್ಲಿಸಿದ ದೊಡ್ಡ ಮೇಜಿನ ಮೇಲೆ ಚಿತ್ರ ಬರೆಯುತ್ತಿದ್ದರು. ಬಡಾವಣೆಯ ಅಸೋಸಿಯೇಶನ್ನಿನಿಂದ ಒಬ್ಬಾಕೆ ಬಂದು, ಬಾಗಿಲು ಹೀಗೆ ದಿನವಿಡೀ ತೆರೆದಿಡುವಂತಿಲ್ಲ, ಬೀದಿಯ ಅಂದ ಕೆಡುತ್ತದೆ ಎಂದು ಹೇಳಿಹೋದಳು. ಮರುದಿನ ಆ ಬಾಗಿಲು ಮುಚ್ಚಿತ್ತು. ಅದರ ಮೇಲೆ ಬಾಗಿಲಿನಷ್ಟೇ ದೊಡ್ಡ ಕಾಗದ, ಅದರಲ್ಲಿ ಆ ಹೆಂಗಸು ಮೊಣಕಾಲೂರಿ ಹುಲ್ಲಿನ ಎತ್ತರವನ್ನು ಸ್ಕೇಲಿನಲ್ಲಿ ಅಳೆಯುತ್ತಿದ್ದ ಚಿತ್ರ. ಬೀದಿಯವರೆಲ್ಲ ಕಾರು ನಿಧಾನ ಮಾಡಿ ನೋಡಿದರು. ಸಂಜೆಗೆ ಅಸೋಸಿಯೇಶನ್ನಿನವರೇ ಬಂದು, ಬಾಗಿಲು ತೆರೆದಿಟ್ಟುಕೊಳ್ಳಿ ಮಾರಾಯರೇ, ಆ ಚಿತ್ರ ತೆಗೆಯಿರಿ ಎಂದರು.

ಅವರ ಹೆಂಡತಿ ಅಮೆರಿಕದವರು, ವಿಮಾನ ಕಂಪನಿಯೊಂದರಲ್ಲಿ ಕೆಲಸ. ಏರ್‌ಪೋರ್ಟಿಗೆ ಹತ್ತಿರವೆಂದು ಕಾಪೆಲ್‌ನಲ್ಲಿ ಮನೆ ಮಾಡಿದ್ದರು. ನಾವು ಆ ಬೀದಿಗೆ ಶಿಫ್ಟ್ ಆಗುವ ಹೊತ್ತಿಗೆ ಆಕೆ ತೀರಿಕೊಂಡಿದ್ದರು. ಮತ್ತೆ ಫ್ರಾನ್ಸಿಗೆ ಯಾಕೆ ಹೋಗಲಿಲ್ಲ ಎಂದು ಒಮ್ಮೆ ಕೇಳಿದೆ. ಅವರು ನನ್ನ ಜೊತೆ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದರು, ಇಲ್ಲಿ ನಾನು ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ.

"ಅಲ್ಲಿ ನನ್ನ ವಿಧವೆಯನ್ನು ಕೊಂದ್ರು. ಆ ಊರಿಗೆ ಮತ್ತೆ ಏನಂತ ಹೋಗ್ಲಿ?" ಎಂದರು.

ವಿಧವೆ ಎಂದರೆ ಅವರ ಕಾಮಿಕ್ಸಿನ ನಾಯಕಿ. ಉತ್ತರ ಫ್ರಾನ್ಸಿನ ಕಾಲುವೆಗಳಲ್ಲಿ ಸರಕಿನ ದೋಣಿ ನಡೆಸುವ ಒಬ್ಬ ದಪ್ಪ ಹೆಂಗಸು. ಮೊಣಕಾಲು ನೋವು, ಬಾಯಿ ಜೋರು, ಊರೂರಿಗೆ ಕಲ್ಲಿದ್ದಲು ಸಾಗಿಸುತ್ತಾಳೆ. ಅವರ ತಂದೆ ಕಲ್ಲಿದ್ದಲ ಗಣಿಯಲ್ಲಿದ್ದವರು, ಹಾಗಾಗಿ ಆ ಲೋಕ ಅವರಿಗೆ ಗೊತ್ತು. ವರ್ಷಕ್ಕೊಂದರಂತೆ ಆಕೆಯ ಪುಸ್ತಕಗಳು ಬಂದವು. ಅಲ್ಲಿ ಕಾಮಿಕ್ಸ್ ಎಂದರೆ ಗಟ್ಟಿ ರಟ್ಟಿನ ದೊಡ್ಡ ಪುಸ್ತಕ, ದೊಡ್ಡವರು ಕೊಂಡು ಓದಿ ಕಪಾಟಿನಲ್ಲಿಡುವಂಥದ್ದು. ಒಂದು ದಿನ ಪ್ರಕಾಶಕರಿಗೆ ಆಕೆ ಮುದುಕಿಯಾದಳು ಅನ್ನಿಸಿತಂತೆ. ಇನ್ನು ಅವಳಿಗೆ ತೆಳ್ಳಗಿನ ಮಗಳೊಬ್ಬಳನ್ನು ಕೊಡಿ, ಮಗಳು ಪತ್ತೇದಾರಿ ಮಾಡಲಿ ಎಂದರು. ಇವರು ಒಪ್ಪಲಿಲ್ಲ. ಹಕ್ಕು ಪ್ರಕಾಶಕರ ಕೈಯಲ್ಲಿತ್ತು, ಬೇರೆ ಯಾರಿಂದಲೋ ಬರೆಸಿದರು. ಮೊದಲ ಪುಟದಲ್ಲೇ ವಿಧವೆ ಕಾಲುವೆಗೆ ಬಿದ್ದು ಸತ್ತಳು.

ಇಂಥ ಮನುಷ್ಯನನ್ನು ನಮ್ಮವರು ಏನು ಕೇಳುತ್ತಿದ್ದರು ಗೊತ್ತೇ? "ಹುಟ್ಟುಹಬ್ಬದ ಪಾರ್ಟಿಗೆ ಬರ್ತೀರಾ? ಮಕ್ಕಳ ಮುಖ ಐದೈದು ನಿಮಿಷದಲ್ಲಿ ಬರೆದುಕೊಟ್ರೆ ಆಯ್ತು." ದೀಪಾವಳಿಗೆ ಮೆಹೆಂದಿಯವಳ ಪಕ್ಕ ಒಂದು ಸ್ಟಾಲ್ ಹಾಕಿಕೊಳ್ಳಿ ಎಂದರು. ಹಾರುವ ಹೀರೋ ಬರೆಯಲು ಬರುತ್ತದಾ ಎಂದು ಕೇಳಿದವರೂ ಇದ್ದಾರೆ. ಹಾರುವವರ ಕಾಲಿನ ಭಾರ ನನಗೆ ಗೊತ್ತಿಲ್ಲ, ನೆಲದ ಮೇಲೆ ನಿಂತವರನ್ನು ಕಳಿಸಿ ಎಂದು ಇವರು ಗುರುಗುಟ್ಟುತ್ತಿದ್ದರು.

ಅವರನ್ನು ಪಳಗಿಸಿದ್ದು ನಮ್ಮ ಅವ್ವ. ಪಳಗಿಸಿದ್ದು ಎನ್ನುವುದು ದೊಡ್ಡ ಮಾತಾಯಿತು, ಕೂರಿಸಿದ್ದು ಎನ್ನೋಣ. ನಮ್ಮ ಮಗಳು ಇಂಚರ ಶಾಲೆಗೆ ಹೋಗಲು ಸುರು ಮಾಡಿದ ವರ್ಷ ಅವ್ವ ಗದಗಿನಿಂದ ಬಂದಿದ್ದಳು. ನಾನು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್, ನಮ್ಮ ಮನೆಯವರಿಗೆ ವಾರವಾರ ಹ್ಯೂಸ್ಟನ್ನಿನ ಓಡಾಟ. ಅವ್ವ ಬೆಳಿಗ್ಗೆ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ಬೀದಿಯಲ್ಲಿ ಅಡ್ಡಾಡುವಾಗ ಇವರು ಗ್ಯಾರೇಜಿನಲ್ಲಿ ಬರೆದ ಹಾಳೆಯನ್ನು ಚೂರು ಚೂರು ಮಾಡುತ್ತಿದ್ದದ್ದು ಕಂಡಿತು. ಅವ್ವ ಸೀದಾ ಒಳಗೆ ಹೋದಳು. ಅಂದು ನನಗೆ ರಜೆ, ಹಿಂದೆಯೇ ಓಡಿದೆ.

"ಯಾಕೋ ತಮ್ಮಾ, ಹಾಳಿ ಹರ್ಯಾಕತ್ತಿ? ಚಲೋ ಐತಲ್ಲೋ. ಸುಮ್ನ ಕುಂದ್ರು ಒಂದೀಟು."

ಅವರಿಗೆ ಒಂದಕ್ಷರ ತಿಳಿಯಲಿಲ್ಲ. ಆದರೂ ಕೂತರು. ಅವ್ವ ನೆಲದ ಮೇಲಿನ ಚೂರುಗಳನ್ನು ಆಯ್ದು, ಮೇಜಿನ ಮೇಲೆ ಒಂದಕ್ಕೊಂದು ಜೋಡಿಸಿ, ಮುದುಕಿಯ ಮುಖವೊಂದನ್ನು ತೋರಿಸಿ, "ಈಕಿ ಯಾರ ಮ್ಯಾಲೆ ಸಿಟ್ಟಾಗ್ಯಾಳ?" ಎಂದಳು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಅವ್ವನ ಕಡೆ ತಿರುಗಿ, "ನನ್ನ ಮೇಲೆ" ಎಂದರು. ಅಂದಿನಿಂದ ಅವರಿಗೆ ಅವಳು ಅವ್ವ, ಅವಳಿಗೆ ಅವರು ತಮ್ಮ. ಅವರಿಬ್ಬರ ನಡುವೆ ಬಹಳವೆಂದರೆ ಐದಾರು ವರ್ಷದ ಅಂತರವಿದ್ದಿರಬೇಕು.

ಆಮೇಲೆ ದಿನವೂ ಅವ್ವ ಅಲ್ಲಿಗೆ ಹೋಗಿ ಕೂರುವುದು, ಅವರು ನಮ್ಮ ಅಡಿಗೆಮನೆಗೆ ಬಂದು ಕೂರುವುದು. ಅವರಿಗೆ ಕಪ್ಪು ಕಾಫಿ ಬೇಕು, ಅವ್ವ ಶುಂಠಿ ಹಾಕಿದ ಚಹಾವನ್ನೇ ಕೊಡುವವಳು. ಅವಳು ಗದಗಿನ ಮಾತಲ್ಲಿ ಊರ ಸುದ್ದಿಯೆಲ್ಲ ಹೇಳುತ್ತಿದ್ದಳು, ಅವರು ಫ್ರೆಂಚಿನಲ್ಲಿ ಯಾರನ್ನೋ ಬೈಯುತ್ತಿದ್ದರು. ಸುಮ್ಮನಿರುವುದು ಅವ್ವನ ಜಾಯಮಾನವೇ ಅಲ್ಲ. ನಿದ್ದೆಯಲ್ಲೂ ಎರಡು ಮಾತು ಆಡುವವಳು.

ಅವಳು ರೊಟ್ಟಿ ಬಡಿಯುವಾಗ ಅವರು ಕೈಗಳನ್ನಷ್ಟೇ ಬರೆಯುತ್ತಿದ್ದರು. ಇರ್ವಿಂಗಿನ ಅಂಗಡಿಯಿಂದ ತಂದ ಜೋಳದ ಹಿಟ್ಟು, ಗ್ರಾನೈಟ್ ಕಟ್ಟೆ, ಅದರ ಮೇಲೆ ಅವ್ವನ ಕೈ. ಹಾಳೆಗಟ್ಟಲೆ ಬರೆದರು. ಮುಖ ಯಾಕೆ ಬರೆಯುವುದಿಲ್ಲ ಎಂದು ಕೇಳಿದರೆ, "ಮುಖಕ್ಕೆ ನಟನೆ ಗೊತ್ತು. ಕೈಗೆ ಯಾರೂ ಕಲಿಸಿಲ್ಲ. ಮೊದಲು ಕೈ ಬರ್ಲಿ" ಎಂದರು.

ಅವರ ಕೆಲಸದ ಪದ್ಧತಿ ಒಂದಿತ್ತು. ಪುಟ ಮುಗಿದ ಮೇಲೆ ಕಾಗದದ ಪಟ್ಟಿಗಳನ್ನು ಕತ್ತರಿಸಿ, ಎಲ್ಲ ಮಾತುಗಳನ್ನೂ ಮುಚ್ಚಿಬಿಡುತ್ತಿದ್ದರು. ಪಾತ್ರದ ಬಾಯಿಂದ ಹೊರಟು ಮಾತನ್ನು ಹೊತ್ತ ಬಿಳಿ ಗುಳ್ಳೆಗೆ ಅವರ ಕಸುಬಿನಲ್ಲಿ ಬಲೂನು ಎನ್ನುತ್ತಾರೆ. ಬಲೂನುಗಳನ್ನೆಲ್ಲ ಮುಚ್ಚಿ ನೋಡಿದರೂ ಕಥೆ ತಿಳಿಯಬೇಕು, ತಿಳಿಯದಿದ್ದರೆ ಪುಟ ಕಸದ ಬುಟ್ಟಿಗೆ. "ಒಂದೊಂದು ಬಲೂನೂ ಚಿತ್ರದ ಒಂದು ತುಂಡನ್ನು ನುಂಗತ್ತೆ. ನುಂಗೋಕೆ ಮುಂಚೆ ಆ ಮಾತಿಗೆ ಅಷ್ಟು ಯೋಗ್ಯತೆ ಇದೆಯಾ ಅಂತ ಕೇಳ್ಕೋಬೇಕು" ಎನ್ನುತ್ತಿದ್ದರು. ಪ್ರತಿ ಪುಸ್ತಕದಲ್ಲೂ ಒಂದು ಪುಟ ಪೂರ್ತಿ ಮಾತಿಲ್ಲದೆ ಇರುತ್ತಿತ್ತು. ಆ ಒಂದು ಪುಟಕ್ಕೆ ಅವರು ಉಳಿದ ಪುಸ್ತಕಕ್ಕೆ ತೆಗೆದುಕೊಂಡಷ್ಟೇ ಸಮಯ ತೆಗೆದುಕೊಳ್ಳುತ್ತಿದ್ದರು.

ಅವ್ವ ಊರಿಗೆ ಹೊರಟ ದಿನ ನಾನು ಡ್ಯೂಟಿಯಲ್ಲಿದ್ದೆ. ಬದಲಿಗೆ ಬರಬೇಕಾದವಳು ಜ್ವರ ಬಂದು ಮಲಗಿದ್ದಳು, ಮನೆಯವರು ಹ್ಯೂಸ್ಟನ್ನಿನಲ್ಲಿದ್ದರು. ಬೆಳಿಗ್ಗೆ ಮನೆಯಲ್ಲೇ ಅವ್ವನ ಕಾಲಿಗೆ ಬಿದ್ದು ಕೆಲಸಕ್ಕೆ ಹೋದೆ. ಏರ್‌ಪೋರ್ಟಿಗೆ ಅವ್ವನನ್ನೂ ಇಂಚರಾಳನ್ನೂ ಡ್ರೈವ್ ಮಾಡಿಕೊಂಡು ಹೋದದ್ದು ಅವರು. ಅಜ್ಜಿ ಹೋಗುತ್ತಾಳೆಂದು ಇಂಚರಾಗೆ ಎರಡು ದಿನದಿಂದ ಸಿಟ್ಟು, ಅಜ್ಜಿಯ ಮುಖ ನೋಡುತ್ತಿರಲಿಲ್ಲ. ಸಂಜೆ ಮನೆಗೆ ಬಂದು ಏನಾಯಿತು ಎಂದು ಕೇಳಿದೆ. ಇಂಚರ "ನಥಿಂಗ್" ಎಂದಳು. ಅವರನ್ನು ಕೇಳಿದೆ. "ಹೋದಳು" ಎಂದರು.

ಮುಂದಿನ ಬೇಸಿಗೆಗೆ ಅವ್ವ ಮತ್ತೆ ಬರುವುದಿತ್ತು. ಅದಕ್ಕೆ ಮುಂಚೆಯೇ ಗದಗಿನಲ್ಲಿ, ಮಧ್ಯಾಹ್ನ ಊಟ ಮಾಡಿ ಮಲಗಿದವಳು ಏಳಲಿಲ್ಲ.

ನಾನು ಊರಿಗೆ ಹೋಗಿ ಬಂದ ಮೇಲೆ ಒಂದು ದಿನ ಅವರು ದೊಡ್ಡ ರಟ್ಟಿನ ಚೀಲ ಹಿಡಿದು ನಮ್ಮ ಅಡಿಗೆಮನೆಗೆ ಬಂದರು. ಅವ್ವನ ಮೇಲೆ ಒಂದು ಸಣ್ಣ ಪುಸ್ತಕ ಬರೆದಿದ್ದರು. ಅಜ್ಜಿ ಕನ್ನಡದಲ್ಲಿ ಮಾತಾಡುತ್ತಾಳೆ, ಮೊಮ್ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಪಕ್ಕದ ಮನೆಯ ಮುದುಕನೊಬ್ಬ ಎರಡೂ ತಿಳಿಯದೆ ಚಹಾ ಕುಡಿಯುತ್ತಾನೆ. ಅವ್ವನ ಬಲೂನುಗಳನ್ನು ಖಾಲಿ ಬಿಟ್ಟಿದ್ದರು, ಅವಳ ಮಾತು ನೀನೇ ಬರಿ ಎಂದರು. ಕೊನೆಯ ಪುಟದಲ್ಲಿ ಖಾಲಿ ಬಲೂನೂ ಇರಲಿಲ್ಲ.

ಅದು ಏರ್‌ಪೋರ್ಟಿನ ಪುಟ. ಹಗ್ಗ ಬಿಗಿದ ಸೂಟ್‌ಕೇಸು. ಮುಖ ತಿರುಗಿಸಿ ನಿಂತ ಹುಡುಗಿ. ಅವಳ ಜಾಕೆಟ್ಟಿನ ಗುಂಡಿಗಳು ಒಂದು ಮನೆ ತಪ್ಪಿ ಸೊಟ್ಟಗೆ ಕೂತಿವೆ. ಆಮೇಲೆ ಅವ್ವನ ಕೈ. ಬರೀ ಕೈ, ದೊಡ್ಡದಾಗಿ. ಎಲ್ಲ ಗುಂಡಿ ಬಿಚ್ಚುತ್ತಾಳೆ, ಕೆಳಗಿನಿಂದ ಒಂದೊಂದಾಗಿ ಸರಿಯಾಗಿ ಹಾಕುತ್ತಾಳೆ, ಕಡೆಗೆ ಕಾಲರ್ ಎಳೆದು ಎರಡು ಸಲ ತಟ್ಟುತ್ತಾಳೆ. ಕೆಳಗಿನ ಚಿತ್ರದಲ್ಲಿ ಹುಡುಗಿಯ ಕೈ ಅವ್ವನ ಸೆರಗಿನ ತುದಿ ಹಿಡಿದಿದೆ.

"ಅವ್ವ ಏನೂ ಮಾತಾಡಲಿಲ್ಲವಾ?" ಎಂದು ಕೇಳಿದೆ.

"ಇಲ್ಲ. ಅವಳು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಗಾರ್ಡ್ ಒಬ್ಬ ಕಾರ್ ತೆಗೀರಿ ಅಂತ ಕೂಗ್ತಿದ್ದ. ಅವನನ್ನ ಚಿತ್ರದಿಂದ ಬಿಟ್ಟುಬಿಟ್ಟೆ."

ನಾನು ಕಟ್ಟೆಗೆ ಒರಗಿ ಜೋರಾಗಿ ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ಎದ್ದು ಹೋಗಿ ಚಹಾಕ್ಕೆ ನೀರಿಟ್ಟರು. ನನ್ನ ಅವ್ವ ನನ್ನ ಮಗಳನ್ನು ಹೇಗೆ ಬಿಟ್ಟುಹೋದಳು ಎಂದು ನನಗೆ ಗೊತ್ತಾದದ್ದು ಆ ಒಂದು ಪುಟದಿಂದ. ಬೇರೆ ಸಾಕ್ಷಿ ಇಲ್ಲ. ಮಗಳಂತೂ ಬಾಯಿ ಬಿಟ್ಟಿರಲಿಲ್ಲ.

ಸಂಘದ ಭಾನುವಾರದ ಕನ್ನಡ ಕ್ಲಾಸಿಗೆ ಮಕ್ಕಳು ಓದುವಂಥ ಪುಸ್ತಕ ಬೇಕು ಎಂದು ಆಗ ಡಾಕ್ಟರ್ ಅಂಕಲ್ ಹೇಳುತ್ತಿದ್ದರು. ಇದನ್ನು ತೋರಿಸಿದೆ. ಬಹಳ ಸಂತೋಷಪಟ್ಟರು. ಕಮಿಟಿ ಸೇರಿತು. ನಮ್ಮ ಕಮಿಟಿ ಸೇರಿತೆಂದರೆ ಒಬ್ಬರಾದರೂ ಏನಾದರೊಂದು ತಿದ್ದಲೇಬೇಕು, ಇಲ್ಲದಿದ್ದರೆ ಕುಡಿದ ಕಾಫಿ ಜೀರ್ಣವಾಗುವುದಿಲ್ಲ. ಅವ್ವನ ಗದಗಿನ ಮಾತು ಮಕ್ಕಳಿಗೆ ತಿಳಿಯುತ್ತದೆಯೇ ಎಂದು ಒಬ್ಬರು ಕೇಳಿದರು. ಜಗಳವಾಡಿ ಉಳಿಸಿಕೊಂಡೆ. ಕೊನೆಯ ಪುಟದ ವಿಷಯ ನನ್ನೆದುರು ಯಾರೂ ಎತ್ತಲಿಲ್ಲ.

ನಾನು ಎದ್ದು ಬಂದ ಮೇಲೆ ಎತ್ತಿದ್ದಾರೆ. ಕೊನೆಯ ಪುಟದಲ್ಲಿ ಮಾತೇ ಇಲ್ಲ, ಕಲಾವಿದರು ಬರೆಯಲು ಮರೆತಿರಬೇಕು. ಕನ್ನಡ ಕಲಿಸುವ ಪುಸ್ತಕದಲ್ಲಿ ಓದಲು ಏನೂ ಇಲ್ಲದ ಪುಟ ಇದ್ದರೆ ಪೋಷಕರು ಏನೆಂದಾರು? ಅದೂ ಕೊನೆಯ ಪುಟ, ಒಂದು ಸಂದೇಶ ಬೇಡವೇ? ಕಮಿಟಿಯ ಯಾರೋ ಜಾಣರು ಕಂಪ್ಯೂಟರಿನಲ್ಲಿ ಒಂದು ಬಲೂನು ಮಾಡಿದರು. ಖಾಲಿ ಜಾಗ ಎಲ್ಲಿದೆ ಎಂದು ನೋಡಿದರು. ದೊಡ್ಡ ಚಿತ್ರ ಯಾವುದಿತ್ತೋ ಅಲ್ಲಿ ತಂದು ಕೂರಿಸಿದರು. ಬಲೂನಿನೊಳಗೆ ಬರೆದದ್ದು ಇದು: "ಹೋಗಿ ಬರುತ್ತೇನೆ ಕಂದಾ! ನಮ್ಮ ಸವಿಗನ್ನಡವನ್ನು ಎಂದೆಂದಿಗೂ ಮರೆಯದಿರು!"

ಅವ್ವನ ಕೈ ಪೂರ್ತಿ ಮುಚ್ಚಿಹೋಗಿತ್ತು. ಗುಂಡಿಯಿಲ್ಲ, ಕಾಲರ್ ಇಲ್ಲ. ಜೀವಮಾನದಲ್ಲಿ ಯಾರಿಗೂ "ಮರೆಯದಿರು" ಎಂದವಳಲ್ಲ ನಮ್ಮ ಅವ್ವ.

ನಮಗಿಬ್ಬರಿಗೂ ಅದು ತಿಳಿದದ್ದು ರಾಜ್ಯೋತ್ಸವದ ವೇದಿಕೆಯ ಮೇಲೆ. ಪುಸ್ತಕಕ್ಕೆ ಸುತ್ತಿದ್ದ ಬಣ್ಣದ ಕಾಗದ ಬಿಚ್ಚಿ, ಚಪ್ಪಾಳೆಯಾಗಿ, ಅವರಿಗೆ ಶಾಲು ಹೊದಿಸಿ, ಪೇಟ ತೊಡಿಸಿದರು. ಅವರು ಅಭ್ಯಾಸದಂತೆ ಮೊದಲು ಕೊನೆಯ ಪುಟ ತೆರೆದರು. ನನ್ನ ಕಡೆ ತಿರುಗಿ ಪುಟ ತೋರಿಸಿದರು. ಅಲ್ಲೇನು ಬರೆದಿದೆ ಎಂದು ಅವರು ಕೇಳಲಿಲ್ಲ, ಬರೆದದ್ದು ಅವರಿಗೆ ಬೇಕಿರಲಿಲ್ಲ. ಪೇಟ ತೆಗೆದು ಮೇಜಿನ ಮೇಲಿಟ್ಟರು.

ಕಾರ್ಯಕ್ರಮದ ನಂತರ ಹಸ್ತಾಕ್ಷರದ ಸಾಲು. ಅವರು ಚಿತ್ರದ ಸಾಮಾನಿನ ಚೀಲದಿಂದ ಬಿಳಿ ಬಣ್ಣದ ಶೀಶೆ, ಕುಂಚ, ಕಪ್ಪು ಪೆನ್ನು ತೆಗೆದರು. ಮೊದಲು ಬಂದವರ ಪುಸ್ತಕ ಇಸಿದುಕೊಂಡು, ಹೆಸರು ಬರೆಯುವ ಬದಲು ಕೊನೆಯ ಪುಟ ತಿರುವಿ, ಆ ಬಲೂನಿನ ಮೇಲೆ ಬಿಳಿ ಬಳಿದರು. ಒಣಗಲೆಂದು ಊದಿದರು. ಆಮೇಲೆ ಆ ಬಿಳಿಯ ಮೇಲೆ ಅವ್ವನ ಕೈಗಳನ್ನು ಮತ್ತೆ ಬರೆದರು. ಬೆರಳು, ಉಂಗುರ, ಗುಂಡಿ, ಕಾಲರ್. ಬರೆದು ಕೊಟ್ಟು, ಮುಂದಿನ ಪುಸ್ತಕಕ್ಕೆ ಕೈ ಚಾಚಿದರು.

ಸಾಲು ಬಾಗಿಲಿನವರೆಗೆ ಇತ್ತು. ಬಿಸಿಬೇಳೆಬಾತ್ ಆರುತ್ತಿತ್ತು. ಡಾಕ್ಟರ್ ಅಂಕಲ್ ಬಂದು ಭುಜ ತಟ್ಟಿ, "ಸರ್, ಜಸ್ಟ್ ಸೈನ್ ಸಾಕು, ಜನ ಕಾಯ್ತಿದಾರೆ" ಎಂದರು. ಅವರು ತಲೆಯೆತ್ತಲಿಲ್ಲ. ಅಂಕಲ್ ಇನ್ನೊಮ್ಮೆ ಹೇಳಿದರು. ಆಗ ಅವರು ತಮಗೆ ಗೊತ್ತಿದ್ದ ಕನ್ನಡದಲ್ಲಿ, ಅವ್ವನ ರಾಗದಲ್ಲೇ, "ಸುಮ್ನ ಕುಂದ್ರು" ಎಂದರು. ಹತ್ತಿರವಿದ್ದವರು ನಕ್ಕರು. ಫ್ರಾನ್ಸಿನವರು ಎಷ್ಟು ಚೆನ್ನಾಗಿ ಕನ್ನಡ ಮಾತಾಡುತ್ತಾರೆಂದು ಚಪ್ಪಾಳೆಯೂ ಬಿತ್ತು. ನನಗೆ ಆ ಚಪ್ಪಾಳೆ ಹೊಡೆದವರ ಕೈ ಹಿಡಿದು ತಿರುಚಬೇಕೆನಿಸಿತು.

ಶೀಶೆ ಖಾಲಿಯಾಗುವವರೆಗೆ ಬರೆದರು. ಉಳಿದ ಪುಸ್ತಕಗಳು ಬಲೂನಿನ ಸಮೇತ ಸಂಘದ ಪೆಟ್ಟಿಗೆಗಳಲ್ಲಿ ಉಳಿದವು.

ಆಮೇಲೆ ಅವರು ನನ್ನನ್ನು ಮಾತಾಡಿಸಲಿಲ್ಲ. ನನಗೆ ಮೊದಲೇ ಗೊತ್ತಿತ್ತು ಎಂದುಕೊಂಡರು. ಗೊತ್ತಿರಲಿಲ್ಲ ಎಂದು ಗ್ಯಾರೇಜಿಗೆ ಹೋಗಿ ಹೇಳಿದೆ, ಕೂಗಿ ಹೇಳಿದೆ. ಆ ಮನುಷ್ಯ ಫ್ಯಾನಿನ ಕಡೆ ಮುಖ ಮಾಡಿ ಕೂತರು. ನನ್ನ ಅವ್ವನ ಕೈ ಮುಚ್ಚಿದ್ದಕ್ಕೆ ನನಗಿಂತ ಅವರಿಗೇ ಹೆಚ್ಚು ನೋವೇ? ಎಂಥ ಅಹಂಕಾರ! ನಾನೂ ಮಾತು ಬಿಟ್ಟೆ. ಮುಂದೆ ಅವರು ಕಾಪೆಲ್ ಮನೆ ಮಾರಿ, ಆಸ್ಟಿನ್ನಿನ ಸಣ್ಣ ಕಲಾಶಾಲೆಯೊಂದರಲ್ಲಿ ಪಾಠ ಹೇಳಲು ಹೋದರು. ಹೋಗುವಾಗ ನಮ್ಮ ಬಾಗಿಲು ಬಡಿಯಲಿಲ್ಲ. ಅವ್ವ ಕೂರುತ್ತಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ನಮ್ಮ ವರಾಂಡದಲ್ಲಿ ಇಟ್ಟುಹೋದರು.

ಎಷ್ಟೋ ವರ್ಷಗಳ ಮೇಲೆ ಇಂಚರ ಆಸ್ಟಿನ್ನಿನ ಯೂನಿವರ್ಸಿಟಿಗೆ ಸೇರಿದಳು. ಅವಳೇ ಅವರನ್ನು ಹುಡುಕಿದಳು, ವಾರಕ್ಕೊಮ್ಮೆ ಹೋಗಿ ಬರುವಷ್ಟು ಸಲಿಗೆಯಾಯಿತು. ಮರುವರ್ಷ ಅವಳ ಸಾಮಾನು ಇಳಿಸಲು ಹೋದಾಗ ನನ್ನನ್ನೂ ಎಳೆದುಕೊಂಡು ಹೋದಳು. ಬಾಗಿಲು ತೆರೆದ ಮುದುಕ ನನ್ನನ್ನು ನೋಡಿ, ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದರು. ಶುಂಠಿ ವಿಪರೀತ, ಸಕ್ಕರೆ ಇಲ್ಲ. ಕುಡಿದೆ. ಅವರು ಕ್ಷಮೆ ಕೇಳಲಿಲ್ಲ. ಕೇಳಿದ್ದರೆ ನಾನು ಕೊಡುತ್ತಿದ್ದೆನೋ ಇಲ್ಲವೋ.

ಕಡೆಯ ಸಲ ನೋಡಿದ್ದು ಹ್ಯೂಸ್ಟನ್ನಿನಲ್ಲಿ. ಕ್ಯಾನ್ಸರ್ ಎಲ್ಲ ಕಡೆ ಹಬ್ಬಿತ್ತು. ನೋವು ಎಷ್ಟಿದೆ ಎಂದು ತೋರಿಸಲು ಆಸ್ಪತ್ರೆಗಳಲ್ಲಿ ಒಂದು ಹಾಳೆ ಇರುತ್ತದೆ. ನಗುವ ಮುಖದಿಂದ ಹಿಡಿದು ಅಳುವ ಮುಖದವರೆಗೆ ಸಾಲಾಗಿ ದುಂಡು ಮುಖಗಳು. ನಾನು ದಿನವೂ ನೋಡುವಂಥದ್ದೇ. ನರ್ಸ್ ಅದನ್ನು ಹಿಡಿದು ಯಾವ ಮುಖ ಎಂದು ಕೇಳಿದಳು. ಅವರು ಕನ್ನಡಕ ಹಾಕಿಕೊಂಡು ನೋಡಿದರು. ಮುಖ ಕೆಂಪಾಯಿತು.

"ಇದನ್ನ ಬರೆದವನು ಯಾರು? ನೋವಾದವನು ಹುಬ್ಬು ಹೀಗೆ ಮಾಡ್ತಾನಾ? ಈ ನಾಲ್ಕನೇದು ಶುದ್ಧ ಸುಳ್ಳು. ಕೈ ಎಲ್ಲಿ? ಕೈ ಇಲ್ದೆ ನೋವು ಹೇಗೆ ತೋರಿಸ್ತೀರಿ?"

ಆ ಹುಡುಗಿ ಹೆದರಿ ನನ್ನ ಮುಖ ನೋಡಿದಳು. ಬಹಳ ನೋವಿದೆ, ಔಷಧ ಹೆಚ್ಚಿಸಿ ಎಂದು ಹೇಳಿದೆ. ಅವರು ಹೊದಿಕೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದಿದ್ದರು, ಅದು ಯಾರಿಗಾದರೂ ಕಾಣುವಂತಿತ್ತು. ಅವತ್ತೇ ಏರ್‌ಪೋರ್ಟ್ ಪುಟದ ಮೂಲ ಹಾಳೆಯನ್ನು ಇಂಚರಾಗೆ ಕೊಟ್ಟರು. ಕಾಗದದ ಪಟ್ಟಿಗಳಿಂದ ಮುಚ್ಚಲು ಅದರಲ್ಲಿ ಏನೂ ಇರಲಿಲ್ಲ.

ಮೊನ್ನೆ ಭಾನುವಾರ ಇರ್ವಿಂಗಿನ ಶ್ರದ್ಧಾಂಜಲಿಗೆ ಹೋದೆ. ಹೋಗಬಾರದು ಎಂದುಕೊಂಡಿದ್ದೆ. ಇಂಚರ ಆಸ್ಟಿನ್ನಿನಿಂದ ಬರುತ್ತೇನೆ ಎಂದಳು, ಹಾಗಾಗಿ ಹೊರಟೆ. ಉತ್ತರದ ಗಾಳಿ ಬೀಸಿ ಡಾಲಸ್ ಮರಗಟ್ಟಿತ್ತು. ಸಿಟ್ಟಿನಲ್ಲಿ ಮನೆಯಿಂದ ಹೊರಬಿದ್ದವಳು ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೇ ಕೋಟು ಹಾಕಿಕೊಂಡು, ಗುಂಡಿ ಹಾಕುತ್ತ ಒಳಗೆ ನಡೆದೆ. ಬಾಗಿಲ ಬಳಿ ಹೊಸ ಮುದ್ರಣದ ಪೆಟ್ಟಿಗೆಗಳು. ಒಂದು ತೆರೆದು ನೋಡಿದೆ. ಬಲೂನು ಅಲ್ಲೇ ಇತ್ತು.

ಪ್ರಾರ್ಥನೆ ಆಯಿತು, ಮೌನಾಚರಣೆ ಆಯಿತು. ಮೌನಾಚರಣೆಯಲ್ಲೂ ಮೈಕಿನಿಂದ "ಪ್ಲೀಸ್ ಫೋನ್ ಸೈಲೆಂಟ್ ಮಾಡಿ" ಎಂದು ಎರಡು ಸಲ ಕೇಳಿಸಿತು. ಪರದೆಯ ಮೇಲೆ ಕೊನೆಯ ಪುಟ ಹಾಕಿದರು. ಗೋಡೆಯಗಲದ ಬಲೂನು, ಎಂದೆಂದಿಗೂ ಮರೆಯದಿರು. ಮೊದಲು ಮಾತಾಡಿದವರು ಆ ಸಾಲು ಓದಿ ಗದ್ಗದರಾದರು. ಆ ಸಾಲು ಕಲಾವಿದರ ಕನ್ನಡ ಪ್ರೇಮಕ್ಕೆ ಸಾಕ್ಷಿಯಂತೆ. ಕೂತಲ್ಲೇ ನನ್ನ ಮೈ ಉರಿಯಿತು.

ಡಾಕ್ಟರ್ ಅಂಕಲ್ ನನ್ನನ್ನೂ ಇಂಚರಾಳನ್ನೂ ವೇದಿಕೆಗೆ ಕರೆದರು. "ಈ ಪುಸ್ತಕದ ಪುಟ್ಟ ಹುಡುಗಿ ಈಗ ಎಷ್ಟು ದೊಡ್ಡೋಳಾಗಿದ್ದಾಳೆ ನೋಡಿ! ಪುಟ್ಟಿ, ಏರ್‌ಪೋರ್ಟಲ್ಲಿ ಅಜ್ಜಿ ನಿಂಗೆ ಏನ್ ಹೇಳಿದ್ರು? ನೀನೇ ಎಲ್ರಿಗೂ ಹೇಳಮ್ಮ. ಕನ್ನಡದಲ್ಲೇ ಹೇಳ್ಬೇಕು, ಆಯ್ತಾ?" ಎಂದು ಮೈಕ್ ಅವಳ ಬಾಯಿಗೆ ಹಿಡಿದರು.

ಅವಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಕೊಡುವುದು ಇಂಗ್ಲಿಷಿನಲ್ಲಿ. ಈಗ ಯಾವುದರಲ್ಲೂ ಕೊಡಲಿಲ್ಲ. ಮೈಕನ್ನು ಒಂದು ಕೈಯಿಂದ ಪಕ್ಕಕ್ಕೆ ಸರಿಸಿ, ನನ್ನ ಎದುರು ಬಂದು ನಿಂತಳು. ನನ್ನ ಕೋಟು ನೋಡಿದಳು. ಆಗಲೇ ನನಗೂ ಕಂಡದ್ದು, ಗುಂಡಿಗಳೆಲ್ಲ ಒಂದು ಮನೆ ತಪ್ಪಿದ್ದವು.

ಎಲ್ಲವನ್ನೂ ಬಿಚ್ಚಿದಳು. ಕೆಳಗಿನಿಂದ ಸುರು ಮಾಡಿ, ಅವಸರವಿಲ್ಲದೆ, ಒಂದೊಂದನ್ನೇ ಅದರದರ ಮನೆಗೆ ಹಾಕಿದಳು. ಮೇಲೆ ಬಂದು ಕಾಲರ್ ಎಳೆದಳು. ಎರಡು ಸಲ ತಟ್ಟಿದಳು.

ತಟ್ಟಿದ ಕೈ ಅವ್ವನದೇ. ಅವ್ವ ಹೊರಟ ದಿನ ನನಗೆ ಸಿಗದೆ ಹೋದದ್ದು ಇಷ್ಟು ವರ್ಷದ ಮೇಲೆ, ಟ್ಯೂಬ್‌ಲೈಟಿನ ಕೆಳಗೆ, ಅಷ್ಟು ಜನರೆದುರು ನನ್ನ ಕೊರಳ ಹತ್ತಿರ ಬಂತು. ನಾನು ಅವಳ ದುಪಟ್ಟಾದ ತುದಿ ಹಿಡಿದುಕೊಂಡೆ. ಮುಂದಿನ ಸಾಲಿನ ಆಂಟಿಯೊಬ್ಬರು ಪರದೆ ನೋಡಿದರು, ನಮ್ಮನ್ನು ನೋಡಿದರು, ಮತ್ತೆ ಪರದೆಯ ಮೇಲಿನ ಆ ಬಲೂನು ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡರು.

ಡಾಕ್ಟರ್ ಅಂಕಲ್ಲಿಗೆ ತಡೆಯಲಾಗಲಿಲ್ಲ. ಗಂಟಲು ಸರಿಮಾಡಿಕೊಂಡು, "ವೆರಿ ಟಚಿಂಗ್! ಅಂದ್ರೆ ಅಜ್ಜಿ ಹೇಳಿದ್ದೇನಪ್ಪಾ ಅಂದ್ರೆ..." ಎಂದು ಸುರು ಮಾಡಿದರು.

ನಾನು ಅವರ ಕೈಯಿಂದ ಮೈಕ್ ತೆಗೆದುಕೊಂಡು ಸ್ವಿಚ್ ಆಫ್ ಮಾಡಿದೆ.

"ಅಂಕಲ್, ಸುಮ್ನ ಕುಂದರ್ರಿ."

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವರು ಕೂತರು.